ಬಡವರು ಯಾರು? ಧರ್ಮಪುರಿಯ ಅರ್ಜಿ ಫಾರಂ ಕಲಿಸುವ ಪಾಠ

2023ರ ಜುಲೈ 24ರಂದು ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ ಒಂದು ಅರ್ಜಿ ಶಿಬಿರ ಉದ್ಘಾಟಿಸಿದರು. ಮನೆಯ ಯಜಮಾನಿಗೆ ತಿಂಗಳಿಗೆ 1,000 ರೂ. ನೀಡುವ ‘ಕಲೈಞರ್ ಮಗಳಿರ್ ಉರಿಮೈ ತೊಗೈ’ ಯೋಜನೆಯ ಶಿಬಿರವದು. ‘ಉರಿಮೈ’ ಅಂದರೆ ಹಕ್ಕು. ಹಕ್ಕು ಎಂದ ಮೇಲೆ ಇಷ್ಟೊಂದು ಷರತ್ತು ಯಾಕೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಧರ್ಮಪುರಿ 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಜಿಲ್ಲೆ. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 68.5, ರಾಜ್ಯದಲ್ಲೇ ಅತಿ ಕಡಿಮೆ. ಫ್ಲೋರೈಡ್ ಬೆರೆತ ಅಂತರ್ಜಲದಿಂದ ಬಳಲಿದ ಈ ಜನರಿಗೆ ಕಾವೇರಿ ನೀರು ತಲುಪಿಸಲು ಹೊಗೇನಕಲ್ ಯೋಜನೆಯೇ ಬೇಕಾಯಿತು. ಮಳೆ ನಂಬಿದ ಬೇಸಾಯ ಕೈಕೊಟ್ಟರೆ ಬೆಂಗಳೂರಿನ ಕಟ್ಟಡ ಕೆಲಸ, ತಿರುಪ್ಪೂರಿನ ಗಾರ್ಮೆಂಟ್ಸ್ ಗತಿ.

ಇಂಥ ಕಡೆ ಬಡವರನ್ನು ಗುರುತಿಸುವುದು ಹೇಗೆ? ಸರಕಾರದ ಅಳತೆಗೋಲು ಹೀಗಿತ್ತು: ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂ. ಮೀರಬಾರದು, ಜಮೀನು 5 ಎಕರೆ ನೀರಾವರಿ ಅಥವಾ 10 ಎಕರೆ ಖುಷ್ಕಿ ದಾಟಬಾರದು, ವರ್ಷಕ್ಕೆ ವಿದ್ಯುತ್ ಬಳಕೆ 3,600 ಯೂನಿಟ್‌ಗಿಂತ ಕಡಿಮೆ ಇರಬೇಕು. ಕಾಗದದಲ್ಲಿ ಇದೆಲ್ಲ ಸರಿಯೇ. ಆದರೆ ಬೋರ್‌ವೆಲ್ ಬತ್ತಿದ ಹನ್ನೊಂದು ಎಕರೆಯವನು ಶ್ರೀಮಂತನೇ? ಸೇಲಂನಲ್ಲಿ ಮನೆಯಲ್ಲೇ ಕೂತು ಬೆಳ್ಳಿ ಕಾಲ್ಗೆಜ್ಜೆ ಮಾಡುವ ಹೆಣ್ಣುಮಗಳ ಆದಾಯಕ್ಕೆ ಸರ್ಟಿಫಿಕೇಟ್ ಕೊಡುವವರು ಯಾರು?

ರಾಜ್ಯದಾದ್ಯಂತ ಬಂದ ಅರ್ಜಿಗಳು ಸುಮಾರು 1.63 ಕೋಟಿ. ಆಯ್ಕೆಯಾದವರು ಸುಮಾರು 1.06 ಕೋಟಿ. ಹೊರಗುಳಿದವರಲ್ಲಿ ನಿಜಕ್ಕೂ ಅನುಕೂಲಸ್ಥರೂ ಇದ್ದಿರಬಹುದು. ಆದರೆ ಮೇಲ್ಮನವಿಗೆ ಅವಕಾಶ ಕೊಡಬೇಕಾಯಿತು. 2025ರ ‘ಉಂಗಳುಡನ್ ಸ್ಟಾಲಿನ್’ ಶಿಬಿರಗಳಲ್ಲಿ ಬಿಟ್ಟುಹೋದವರಿಂದ ಮತ್ತೆ ಅರ್ಜಿ ಪಡೆಯಬೇಕಾಯಿತು. ಅಳತೆಗೋಲು ತಪ್ಪಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಇದು ಹಳೆಯ ಚರ್ಚೆ. ತಪ್ಪು ಎರಡು ಬಗೆಯದು: ಅರ್ಹನಲ್ಲದವನಿಗೆ ಸಿಗುವುದು ಒಂದು, ಅರ್ಹನಿಗೆ ಸಿಗದೇ ಹೋಗುವುದು ಇನ್ನೊಂದು. ಮೊದಲನೆಯದರಿಂದ ಖಜಾನೆಗೆ ನಷ್ಟ; ಎರಡನೆಯದರಿಂದ ಒಂದು ಮನೆಯ ಒಲೆಗೇ ಪೆಟ್ಟು. 1997ರಲ್ಲಿ ಕೇಂದ್ರ ಸರಕಾರ ಪಡಿತರವನ್ನು ಬಿಪಿಎಲ್, ಎಪಿಎಲ್ ಎಂದು ಒಡೆದಾಗ ತಮಿಳುನಾಡು ಒಪ್ಪದೆ, ಎಲ್ಲರಿಗೂ ಪಡಿತರ ಎಂಬ ಪದ್ಧತಿಯನ್ನೇ ಉಳಿಸಿಕೊಂಡಿತು. ನೀತಿ ಆಯೋಗದ 2023ರ ವರದಿಯಂತೆ ಅಲ್ಲಿ ಬಹು ಆಯಾಮದ ಬಡತನ ಶೇ. 2.20, ಕರ್ನಾಟಕದಲ್ಲಿ ಶೇ. 7.58. ಪಡಿತರವೊಂದೇ ಇದಕ್ಕೆ ಕಾರಣವಲ್ಲ. ಶಾಲೆಯ ಬಿಸಿಯೂಟ, ಸರಕಾರಿ ಆಸ್ಪತ್ರೆಗಳ ಪಾಲೂ ಇದೆ. ಇವು ಯಾವುವೂ ಬಾಗಿಲಲ್ಲಿ ನಿಂತು ‘ನೀನು ಬಡವನಾ?’ ಎಂದು ಕೇಳುವುದಿಲ್ಲ.

ಕರ್ನಾಟಕದ ಗೃಹಲಕ್ಷ್ಮಿ ಇದಕ್ಕಿಂತ ಸರಳ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಕುಟುಂಬಗಳನ್ನು ಬಿಟ್ಟರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ ತಿಂಗಳಿಗೆ 2,000 ರೂ. ಆದರೆ ‘ಬಿಟ್ಟಿ ಭಾಗ್ಯ’ ಎಂದು ಮೂಗು ಮುರಿಯುವವರ ಒತ್ತಾಯ ಒಂದೇ: ಷರತ್ತು ಹಾಕಿ, ಪಟ್ಟಿ ಕಡಿಮೆ ಮಾಡಿ.

ಹಾಗೆ ಮಾಡಿದರೆ ಮೊದಲು ಪಟ್ಟಿಯಿಂದ ಬೀಳುವವರು ಯಾರು? ದಾಖಲೆ ಹೊಂದಿಸಲು ಗೊತ್ತಿರುವ ಅನುಕೂಲಸ್ಥರಂತೂ ಅಲ್ಲ. ಉಳ್ಳಾಲ, ಬಂಟ್ವಾಳಗಳಲ್ಲಿ ಬೀಡಿ ಕಟ್ಟುವ, ಗಂಡ ಗಲ್ಫಿನಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ಸ್ಥಿತಿವಂತೆ ಎನಿಸಿಕೊಳ್ಳುವ ಹೆಂಗಸರು. ಷರತ್ತು ಬರೆಯುವ ಮೊದಲು ಅಧಿಕಾರಿಗಳು ಒಮ್ಮೆ ಧರ್ಮಪುರಿಯತ್ತ ನೋಡುವುದು ಒಳ್ಳೆಯದು.