ಬಾಡಿಗೆ ತಪ್ಪಿತೆಂಬ ಭ್ರಮೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದರು. ಕೊಂಡ ಮನೆಯನ್ನು ತಿಂಗಳು ತಿಂಗಳು ನಡೆಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಹೇಳಲಿಲ್ಲ. ಊರಿನ ಹಂಚಿನ ಮನೆಗೆ ಲಿಫ್ಟು, ಪಂಪು, ಕಾವಲುಗಾರ ಒಂದೂ ಇರಲಿಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. ಮುಂಬಯಿಯಲ್ಲಿ ಖೋಲಿ ಕೊಂಡ ನಮ್ಮ ಹೋಟೆಲು ಕೆಲಸಗಾರರೂ ಗಿರಣಿ ಕಾಮಗಾರರೂ ಆ ಪಾಠವನ್ನು ಈಗ ತಮ್ಮ ಮೈಮೇಲೆಯೇ ಕಲಿಯುತ್ತಿದ್ದಾರೆ.

"ಸ್ವಂತ ಮನೆಯಾಯಿತು, ಇನ್ನು ಬಾಡಿಗೆಯ ಕಾಟವಿಲ್ಲ." ಈ ಮಾತು ಶುದ್ಧ ಸುಳ್ಳು. ಇದನ್ನು ನಮಗೆ ಕಲಿಸಿದವರು ಯಾರು? ವಿರಾರ, ನಾಲಾಸೋಪಾರಾ, ಡೊಂಬಿವಲಿಗಳ ರೈಲು ನಿಲ್ದಾಣದ ಹೊರಗೆ ನಿಂತ ಬಿಲ್ಡರನ ಫಲಕ. ನೀವು ಕೊಡುವ ಬಾಡಿಗೆಯನ್ನೇ ಕಂತಾಗಿ ಕೊಡಿ, ಮನೆಯ ಧಣಿಯಾಗಿ ಎನ್ನುತ್ತದೆ ಅದು. ಧಣಿಯಾದವನು ಧಣಿಯ ಖರ್ಚನ್ನೂ ಹೊರಬೇಕು ಎಂಬುದನ್ನು ಮಾತ್ರ ಅಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಒಬ್ಬ ಸಪ್ಲಾಯರನ ಪಗಾರವೂ ಅವನ ಹೆಂಡತಿ ಡಬ್ಬಿ ಮಾಡಿಕೊಟ್ಟು ಗಳಿಸುವುದೂ ಸೇರಿ ಮನೆಗೆ 32,000 ರೂ. ಬರುತ್ತದೆ ಎಂದು ಇಟ್ಟುಕೊಳ್ಳಿ. 15 ಲಕ್ಷದ ಸಾಲ, ಶೇಕಡಾ 9ರ ಬಡ್ಡಿ, 20 ವರ್ಷ: ತಿಂಗಳ ಕಂತು ಸುಮಾರು 13,500. ಉಳಿದದ್ದು 18,500. ಬಿಲ್ಡರನ ಗುಮಾಸ್ತ ಇಲ್ಲಿಗೆ ಪೆನ್ನು ಮುಚ್ಚಿ, "ನೋಡಿ ರಾವ್, ಆರಾಮ" ಎನ್ನುತ್ತಾನೆ. ನಾವು ಪೆನ್ನು ಮುಚ್ಚಬಾರದು. ಸೊಸೈಟಿಯ ಬಿಲ್ಲು 2,200; ವರ್ಷದ ತೆರಿಗೆಯನ್ನು ಹನ್ನೆರಡರಿಂದ ಭಾಗಿಸಿದರೆ 300; ಕರೆಂಟು, ಗ್ಯಾಸು 1,900; ನಲ್ಲಿ, ಬಾಗಿಲು, ಸುಣ್ಣಬಣ್ಣಕ್ಕೆಂದು ತೆಗೆದಿಡಬೇಕಾದ 500. ಈ 4,900 ಕಳೆದರೆ 13,600. ಊರಿಗೆ ಕಳಿಸುವ 4,000ವನ್ನು ನಮ್ಮಲ್ಲಿ ಯಾರೂ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಕೊನೆಗೆ ಕೈಯಲ್ಲಿ 9,600. ಅಕ್ಕಿ, ತರಕಾರಿ, ಮಕ್ಕಳ ಶಾಲೆ, ರೈಲಿನ ಪಾಸು, ಔಷಧ ಎಲ್ಲವೂ ಅದರಲ್ಲೇ. ಅಂಕಿಗಳು ನಿಮ್ಮ ನಿಮ್ಮ ಮನೆಗೆ ಬೇರೆಯಾದಾವು. ಆದರೆ 18,500ಕ್ಕೂ 9,600ಕ್ಕೂ ನಡುವಿನ ಆ ಕಂದಕವನ್ನು ಕರಾರಿಗೆ ಸಹಿ ಹಾಕುವ ಮೊದಲು ಕಾಣಬೇಕು, ಆಮೇಲಲ್ಲ.

ಆಮೇಲೆಯೇ ಕಾಣುವಂತೆ ವ್ಯವಸ್ಥೆಯಾಗಿರುತ್ತದೆ ಎಂಬುದು ಇದರಲ್ಲಿನ ಚಮತ್ಕಾರ. ಬೀಗದ ಕೈ ಕೊಡುವಾಗಲೇ ಬಿಲ್ಡರನು ಒಂದು ವರ್ಷದ್ದೋ ಎರಡು ವರ್ಷದ್ದೋ ನಿರ್ವಹಣೆಯ ಹಣವನ್ನು ಮುಂಗಡವಾಗಿ ತೆಗೆದುಕೊಳ್ಳುವ ರೂಢಿಯಿದೆ. ಅದು ಸಾಲದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅಷ್ಟು ದಿನ ತಿಂಗಳ ಬಿಲ್ಲು ಬಾರದೆ ಇರುವುದರಿಂದ, ಸ್ವಂತ ಮನೆಗೆ ಖರ್ಚಿಲ್ಲ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮೂರನೆಯ ವರ್ಷ ಬಿಲ್ಲು ಬಂದಾಗ ಸೊಸೈಟಿಯ ಸೆಕ್ರೆಟರಿ ಕಳ್ಳನಂತೆ ಕಾಣುತ್ತಾನೆ! ಆ ಮುಂಗಡವನ್ನು ಬೇರೆ ಖಾತೆಯಲ್ಲಿಟ್ಟು ಲೆಕ್ಕ ಕೊಡತಕ್ಕದ್ದೆಂದು 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲ್ಯಾಟುಗಳ ಕಾಯಿದೆಯಲ್ಲೇ ಇದೆ. ನಮ್ಮಲ್ಲಿ ಎಷ್ಟು ಮಂದಿ ಆ ಲೆಕ್ಕ ಕೇಳಿದ್ದಾರೆ?

ಗಿರಣಿಯವರ ಕಥೆ ಇನ್ನೂ ಕಠಿಣ. 1982ರ ಜನವರಿ 18ರಂದು ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾಮಗಾರರು ಹೊರಬಂದರು. ಅನೇಕ ಗಿರಣಿಗಳ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಗಿರಣಿಯ ನೆಲದಲ್ಲಿ ಕಾಮಗಾರರಿಗಾಗಿ ಎಬ್ಬಿಸಿದ 6,925 ಮನೆಗಳ ಚೀಟಿಯನ್ನು ಮ್ಹಾಡಾ ಎತ್ತಿದ್ದು 2012ರ ಜೂನ್ 28ರಂದು. ಮೂವತ್ತು ವರ್ಷ! ಸಾಂಚೆಯ ಮುಂದೆ ನಿಂತಿದ್ದ ಮೂವತ್ತರ ತರುಣನಿಗೆ ಅರವತ್ತಾದಾಗ ಮನೆ ಬಂತು. ಅದೂ ಚಾಳಿನ ಖೋಲಿಯಲ್ಲ, ಲಿಫ್ಟು ಏರಿ ಹೋಗಬೇಕಾದ ಬಹುಮಹಡಿ ಕಟ್ಟಡದಲ್ಲಿ. ಲಿಫ್ಟಿನ ಖರ್ಚು ಬಂತು, ಪಗಾರ ನಿಂತಿತ್ತು. ಭವಿಷ್ಯನಿಧಿಯ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂ. ಆ ಪಿಂಚಣಿಯೂ ಎಲ್ಲರಿಗಿಲ್ಲ. ಮನೆ ಕೊಟ್ಟೆವು ಎಂದು ಬೀಗುವವರು, ಆ ಮನೆಯನ್ನು ನಡೆಸುವ ದಾರಿಯನ್ನು ಯಾವ ಕಾಗದದಲ್ಲಿ ಬರೆದುಕೊಟ್ಟರು? ಹೋರಾಡಿ ಪಡೆದ ಮನೆಯನ್ನು ಬಿಲ್ಲಿಗೆ ಅಂಜಿ ಬಾಡಿಗೆಗೆ ಕೊಟ್ಟು ಊರು ಸೇರುವುದಾದರೆ, ಆ ಮನೆ ಸಿಕ್ಕಿದ್ದು ಯಾರಿಗೆ?

ಈಗ ನಮ್ಮವರಿಗೇ ಎರಡು ಖಾರದ ಮಾತು. ಬಿಲ್ಲು ಹೆಚ್ಚಾಯಿತು, ಇಳಿಸಿ ಎಂಬ ಕೂಗು ಎಲ್ಲ ಸೊಸೈಟಿಗಳಲ್ಲೂ ಇದೆ. ಕೂಗಿಗೆ ಮಣಿದ ಕಮಿಟಿ ಮೊದಲು ಕತ್ತರಿಸುವುದು ಯಾವುದನ್ನು? ಕಾವಲುಗಾರನನ್ನಲ್ಲ, ಗೇಟಿನ ಮೇಲಿನ ಅಮೃತಶಿಲೆಯ ಹೆಸರನ್ನಲ್ಲ. ರಿಪೇರಿ ನಿಧಿಯನ್ನೂ ಸಿಂಕಿಂಗ್ ಫಂಡನ್ನೂ ಕತ್ತರಿಸುತ್ತದೆ. ಆ ಹಣ ಹೋದದ್ದು ಇಂದು ಕಣ್ಣಿಗೆ ಕಾಣುವುದಿಲ್ಲವಲ್ಲ! ಮಹಾರಾಷ್ಟ್ರದ ಮಾದರಿ ಉಪವಿಧಿಗಳು ಹೇಳುವುದು ಬಹಳವೇನೂ ಅಲ್ಲ: ಜಾಗದ ಬೆಲೆ ಬಿಟ್ಟು, ಮನೆ ಕಟ್ಟಿದ ಖರ್ಚಿನ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 0.75 ರಿಪೇರಿಗೆ, ಕನಿಷ್ಠ ಶೇಕಡಾ 0.25 ಸಿಂಕಿಂಗ್ ಫಂಡಿಗೆ. ಕಟ್ಟಿದ ಖರ್ಚು 8 ಲಕ್ಷವಾದರೆ ವರ್ಷಕ್ಕೆ 8,000, ತಿಂಗಳಿಗೆ 667 ರೂ. ಇದನ್ನು ಉಳಿಸಿದೆವೆಂದು ಹಿಗ್ಗುವವನು ತನ್ನ ತಲೆಯ ಮೇಲಿನ ಸ್ಲ್ಯಾಬನ್ನೇ ಒತ್ತೆಯಿಟ್ಟಿದ್ದಾನೆ.

ಈ ಆಟದ ಕೊನೆ ಏನೆಂದು ಮುಂಬಯಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 1947ರ ಬಾಡಿಗೆ ಕಾಯಿದೆ ಹಳೆಯ ಬಾಡಿಗೆಯನ್ನು 1940ರ ಮಟ್ಟದಲ್ಲೇ ಕಟ್ಟಿಹಾಕಿತು. ಬಡ ಬಾಡಿಗೆದಾರನಿಗೆ ಅದು ದೊಡ್ಡ ಆಸರೆಯಾಯಿತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಬಾಡಿಗೆಯಲ್ಲಿ ರಿಪೇರಿ ಗಿಟ್ಟದು ಎಂದು ಮಾಲಿಕರು ಕೈಬಿಟ್ಟರು. ತೊಲೆ ಕೊಳೆಯಿತು, ಗೋಡೆ ಬಿರಿಯಿತು, ಮಳೆಗಾಲದಲ್ಲಿ ಕಟ್ಟಡಗಳು ಕುಸಿದು ಜನ ಸತ್ತರು. ಕೊನೆಗೆ 1969ರಲ್ಲಿ ಸರಕಾರವೇ ರಿಪೇರಿಗೆಂದು ಪ್ರತ್ಯೇಕ ಕಾಯಿದೆ ಮಾಡಿ ಸೆಸ್ ಹಾಕಬೇಕಾಯಿತು. ಅಂದು ಮಾಲಿಕನನ್ನು ನಾವು ಬೈದೆವು, ಬೈಯತಕ್ಕದ್ದೇ ಆಗಿತ್ತು. ಇಂದು ಮಾಲಿಕರು ನಾವೇ. ಆ ಮಾಲಿಕ ಮಾಡಿದ್ದನ್ನೇ ನಾವು ಮಾಡಿದರೆ ಯಾರನ್ನು ಬೈಯುವುದು?

ಬಿಲ್ಲನ್ನು ಕಟ್ಟದೆ ಕೂರುವ ವೀರರೂ ಇದ್ದಾರೆ. 2014ರ ಮಾದರಿ ಉಪವಿಧಿಗಳಲ್ಲಿ ಬಾಕಿಯ ಮೇಲೆ ವರ್ಷಕ್ಕೆ ಶೇಕಡಾ 21ರ ತನಕ ಬಡ್ಡಿ ಹಾಕಲು ಅವಕಾಶವಿತ್ತು. ಅನೇಕ ಸೊಸೈಟಿಗಳು ಪೂರ್ತಿ 21ನ್ನೇ ಬರೆದುಕೊಂಡವು. ಬಾಕಿ ಬೆಳೆದರೆ ರಿಜಿಸ್ಟ್ರಾರರಿಂದ ವಸೂಲಿ ಪತ್ರ ತಂದು ಭೂಕಂದಾಯದ ಬಾಕಿಯಂತೆ ಜಪ್ತಿ ಮಾಡಬಹುದು. ಸಾಹುಕಾರನ ಬಡ್ಡಿಗೆ ಹೆದರುವ ನಾವು ಇದಕ್ಕೆ ಹೆದರದಿರುವುದು ವಿಚಿತ್ರ.

ಹಾಗಾದರೆ ಬಂದ ಬಿಲ್ಲಿಗೆ ತಲೆಬಾಗಬೇಕೆ? ಎಂದಿಗೂ ಇಲ್ಲ. ಬಿಲ್ಲನ್ನು ಓದಬೇಕು. ಸೇವಾ ಖರ್ಚೂ ಲಿಫ್ಟಿನ ಖರ್ಚೂ ಎಲ್ಲ ಮನೆಗಳಿಗೆ ಸಮ. ನೀರಿನದು ನಲ್ಲಿಯ ಸಂಖ್ಯೆ, ಗಾತ್ರದ ಮೇಲೆ. ಎಲ್ಲವನ್ನೂ ಸೇರಿಸಿ "ಮೇಂಟೆನೆನ್ಸ್" ಎಂದು ಒಂದೇ ಗೆರೆ ಬರೆದಿದ್ದರೆ ಬಿಡಿಸಿ ಬರೆಯಿಸಬೇಕು. ಮುಂಬಯಿ ಮಹಾನಗರಪಾಲಿಕೆಯ ಗಡಿಯೊಳಗೆ 500 ಚದರ ಅಡಿಯವರೆಗಿನ ವಸತಿ ಮನೆಗಳಿಗೆ 2022ರ ಜನವರಿಯಿಂದ ಆಸ್ತಿ ತೆರಿಗೆಯ ಮಾಫಿ ಬಂದಿದೆ. ಅಷ್ಟಾಗಿಯೂ ನಿಮ್ಮ ಬಿಲ್ಲಿನಲ್ಲಿ ತೆರಿಗೆ ಎಂದಿದ್ದರೆ, ಅದು ಯಾವ ತೆರಿಗೆ ಎಂದು ಕೇಳಿ. ವಿರಾರ, ಕಲ್ಯಾಣಗಳ ನಗರಪಾಲಿಕೆಗಳೇ ಬೇರೆ. ಮುಂಬಯಿಯ ಆ ಮಾಫಿಯನ್ನು ನಂಬಿ ಅಲ್ಲಿ ಲೆಕ್ಕ ಹಾಕಬೇಡಿ.

ಕೇಳುವ ಜಾಗವೂ ಒಂದುಂಟು. ವರ್ಷದ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಅದನ್ನು ಕರೆಯುವುದು ಹೆಚ್ಚಾಗಿ ಭಾನುವಾರ. ಭಾನುವಾರ ನಮ್ಮ ಹೋಟೆಲಿನವನು ಗಿರಾಕಿಗಳ ನಡುವೆ ಬೆವರುತ್ತಿರುತ್ತಾನೆ. ಆದುದರಿಂದಲೇ ಕೋಟು ಹಾಕಿದ ನಾಲ್ವರು ಸೇರಿ ಗೇಟಿಗೆ ಬಣ್ಣ ಬೇಕು, ಟಾಕಿಯ ಸೋರಿಕೆ ಮುಂದಿನ ವರ್ಷ ನೋಡೋಣ ಎಂದು ಠರಾವು ಮಾಡಿ ಚಹಾ ಕುಡಿದು ಏಳುತ್ತಾರೆ. ಅವನ ಪರವಾಗಿ ಮುಕ್ತ್ಯಾರನನ್ನು ಕಳಿಸಲು ಉಪವಿಧಿಯಲ್ಲಿ ಎಡೆಯಿಲ್ಲ. ಆದರೆ ಜಂಟಿ ಸದಸ್ಯರಿಗೆ, ಮೊದಲ ಹೆಸರಿನವನು ಇಲ್ಲದಾಗ, ಸಭೆಗೆ ಹೋಗಿ ಮತ ಹಾಕುವ ಹಕ್ಕಿದೆ. ಮನೆಯ ಕಾಗದದಲ್ಲಿ ಹೆಂಡತಿಯ ಹೆಸರನ್ನೂ ಬರೆಯಿಸಿ. 9,600ರಲ್ಲಿ ತಿಂಗಳನ್ನು ದಾಟಿಸುವವಳು ಅವಳು. ಪಂಪಿನ ಕರೆಂಟು ಏಕೆ ಏರಿತು, ರಿಪೇರಿ ನಿಧಿಯಲ್ಲಿ ಎಷ್ಟಿದೆ, ಅದು ಯಾವ ಬ್ಯಾಂಕಿನಲ್ಲಿದೆ ಎಂದು ಎದ್ದು ನಿಂತು ಕೇಳಲು ಅವಳಿಗಿಂತ ತಕ್ಕವರು ಆ ಸಭೆಯಲ್ಲಿ ಯಾರೂ ಇರುವುದಿಲ್ಲ.