ಗದೆ ಎತ್ತಿದ ದುರ್ಯೋಧನ ಯಾರವನು?

ಕಾಂಬೋಡಿಯಾದ ರಾಜಧಾನಿ ನಾಮ್‌ಪೆನ್‌ನಲ್ಲಿ ಅರಮನೆಯ ಪಕ್ಕಕ್ಕೇ ಕೆಂಪು ಬಣ್ಣದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಫ್ರೆಂಚರ ಆಳ್ವಿಕೆಯಲ್ಲಿ, 1920ರಲ್ಲಿ ತೆರೆದದ್ದು. ನಾವು ಹೋದ ದಿನ ಭಾರತದ ಪ್ರವಾಸಿಗರ ಗುಂಪೊಂದು ಅಲ್ಲಿತ್ತು. ಹರಿಹರ, ವಿಷ್ಣು, ಗರುಡ, ಯಾವುದರ ಮುಂದೆ ನಿಂತರೂ ಅವರದು ಒಂದೇ ಮಾತು: "ಇದೆಲ್ಲಾ ನಮ್ಮದೇ ಅಲ್ವಾ!" ಮೊದಮೊದಲು ನಮಗೂ ಖುಷಿಯೇ ಆಯಿತೆಂದು ಒಪ್ಪಿಕೊಳ್ಳಬೇಕು. ಪರನಾಡಿನಲ್ಲಿ ಪರಿಚಿತ ಮುಖ ಕಂಡರೆ ಯಾರಿಗೆ ಸಂತಸವಾಗದು? ಆದರೆ ಆ ಮಾತಿನ ಅರ್ಥವೇನೆಂದು ಯೋಚಿಸಿದಾಗ ನಾಚಿಕೆಯಾಯಿತು.

ಕೋ ಕೇರ್‌ನ ಪ್ರಸಾತ್ ಚೆನ್ ದೇಗುಲದಲ್ಲಿ 10ನೇ ಶತಮಾನದ ಖ್ಮೇರ್ ಶಿಲ್ಪಿಗಳು ಭೀಮ-ದುರ್ಯೋಧನರ ಗದಾಯುದ್ಧವನ್ನು ಕಲ್ಲಿನಲ್ಲಿ ನಿಲ್ಲಿಸಿದ್ದರು. ಗೋಡೆಗೆ ಅಂಟಿದ ಉಬ್ಬುಶಿಲ್ಪವಲ್ಲ, ಆಳೆತ್ತರದ ಬಿಡಿ ವಿಗ್ರಹಗಳು. ಸುತ್ತ ಕುಳಿತು ನೋಡುವ ಪಾಂಡವರೂ ಇದ್ದರು. 1970ರ ದಶಕದ ಅಂತರ್ಯುದ್ಧದ ಗದ್ದಲದಲ್ಲಿ ಕಳ್ಳರು ಅವನ್ನು ಕಾಲಿನ ಹತ್ತಿರ ಕಡಿದು ಸಾಗಿಸಿದರು. ಪಾದಗಳು ಮಾತ್ರ ಪೀಠದ ಮೇಲೆಯೇ ಉಳಿದವು. 2011ರಲ್ಲಿ ನ್ಯೂಯಾರ್ಕಿನ ಸೋದಬೀಸ್ ದುರ್ಯೋಧನನನ್ನು ಹರಾಜಿಗಿಟ್ಟಾಗ ಆ ಪಾದಗಳೇ ಸಾಕ್ಷಿ ಹೇಳಿದವು. 2014ರಲ್ಲಿ ಅವನು ಊರಿಗೆ ಮರಳಿದ. ಅದೇ ವರ್ಷ ಕ್ಯಾಲಿಫೋರ್ನಿಯಾದ ನಾರ್ಟನ್ ಸೈಮನ್ ಮ್ಯೂಸಿಯಮ್ಮಿನಿಂದ ಭೀಮನೂ ಬಂದ.

ಇಂಥ ಲೂಟಿ ಹೊಸದೇನಲ್ಲ. 1923ರಲ್ಲಿ ಬಂತೆಯ್ ಸ್ರೇ ದೇಗುಲದ ಶಿಲ್ಪಗಳನ್ನು ಕಿತ್ತು ಸಿಕ್ಕಿಬಿದ್ದ ಆಂದ್ರೆ ಮಾಲ್ರೋ ಮುಂದೆ ಫ್ರಾನ್ಸಿನ ಸಂಸ್ಕೃತಿ ಸಚಿವನಾದ! ಕಲ್ಲು ಕದ್ದವರನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಕಲ್ಲು ಕಡೆದವರ ಹೆಸರನ್ನೇ ಕಸಿಯುವವರನ್ನು ಎಲ್ಲಿಗೆ ಎಳೆಯುವುದು?

ಕಸಿಯುವ ಈ ಕೆಲಸ ಬರೀ ಪ್ರವಾಸಿಗರದ್ದಲ್ಲ. 1926ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದ 'ಗ್ರೇಟರ್ ಇಂಡಿಯಾ ಸೊಸೈಟಿ' ಆಗ್ನೇಯ ಏಷ್ಯಾವನ್ನು ಬೃಹತ್ ಭಾರತದ ಭಾಗವೆಂದೇ ನೋಡಿತು. ಇತಿಹಾಸಕಾರ ಆರ್.ಸಿ. ಮಜುಂದಾರರು 1944ರಲ್ಲಿ ಕಾಂಬೋಡಿಯಾವನ್ನು ಪ್ರಾಚೀನ ಹಿಂದೂ ವಸಾಹತು ಎಂದು ತಮ್ಮ ಪುಸ್ತಕದ ಹೆಸರಿನಲ್ಲೇ ಕರೆದರು. ಬ್ರಿಟಿಷರ ವಸಾಹತಾಗಿ ನರಳುತ್ತಿದ್ದ ನಾಡಿನ ವಿದ್ವಾಂಸರಿಗೆ ತಮಗೂ ಒಂದು ವಸಾಹತು ಇತ್ತೆನ್ನುವುದು ಸಮಾಧಾನ ಕೊಟ್ಟಿರಬಹುದು. ಆದರೆ ಭಾರತದ ಯಾವ ಸೇನೆಯೂ ಅಂಗ್‌ಕೋರನ್ನು ಗೆದ್ದದ್ದಕ್ಕೆ ಪುರಾವೆಯಿಲ್ಲ.

ನಮ್ಮ ರನ್ನನನ್ನೇ ನೆನೆಯೋಣ. ಕೋ ಕೇರ್‌ನ ಶಿಲ್ಪಿಗಳ ನಂತರ ಕೆಲವೇ ದಶಕಗಳಲ್ಲಿ ಅವನು ಅದೇ ಗದಾಯುದ್ಧವನ್ನು ಕನ್ನಡದಲ್ಲಿ ಬರೆದ. ಭೀಮನಲ್ಲಿ ಚಾಳುಕ್ಯ ದೊರೆಯನ್ನು ಕಂಡ, ದುರ್ಯೋಧನನಿಗಾಗಿ ಓದುಗರು ಮರುಗುವಂತೆ ಮಾಡಿದ. ಕತೆ ವ್ಯಾಸರದ್ದು ನಿಜ. ಹಾಗೆಂದು ರನ್ನನ ಕಾವ್ಯ ಸಂಸ್ಕೃತದ ಭಿಕ್ಷೆಯೆಂದು ಯಾರಾದರೂ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ? ರನ್ನನಿಗೊಂದು ನ್ಯಾಯ, ಖ್ಮೇರ್ ಶಿಲ್ಪಿಗೊಂದು ನ್ಯಾಯವೇ?

ಸಂಗ್ರಹಾಲಯದ ಶಾಸನಗಳ ಮುಂದೆ ಪ್ರವಾಸಿಗರು ನಿಲ್ಲುವುದೇ ಕಡಿಮೆ. ಖ್ಮೇರ್ ಭಾಷೆಯ ಅತಿ ಹಳೆಯ ಕಾಲಸೂಚಿತ ಶಾಸನ ಕ್ರಿ.ಶ. 611ರದ್ದು. ಆ ಕಾಲದ ಶಾಸನಗಳಲ್ಲಿ ದೇವರ ಮತ್ತು ರಾಜರ ಸ್ತುತಿ ಸಾಮಾನ್ಯವಾಗಿ ಸಂಸ್ಕೃತ ಪದ್ಯದಲ್ಲಿರುತ್ತದೆ. ದೇಗುಲಕ್ಕೆ ಬಿಟ್ಟ ಗದ್ದೆ, ದನ, ಅಲ್ಲಿ ದುಡಿದ ಆಳುಗಳ ಹೆಸರು, ಇವೆಲ್ಲ ಖ್ಮೇರಿನಲ್ಲಿ. ಹೊಗಳಿಕೆಗೆ ಒಂದು ಭಾಷೆ, ಬೆವರಿಗೆ ಇನ್ನೊಂದು. ಹಲ್ಮಿಡಿಯ ಕಲ್ಲನ್ನು ಹೆಮ್ಮೆಯಿಂದ ತೋರಿಸುವ ಕನ್ನಡಿಗರಿಗೆ ಇದು ತಿಳಿಯದ ಸಂಗತಿಯೇನೂ ಅಲ್ಲ. ಕೊಂಡುಕೊಳ್ಳುವುದು, ಕೊಡುವುದು ಎಲ್ಲ ನಾಡುಗಳಲ್ಲೂ ನಡೆದಿದೆ. ಖ್ಮೇರರು ಪಡೆದದ್ದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಹರಿಹರನ ಆ ಶಾಂತ ಮುಖದಲ್ಲಿರುವುದು ಖ್ಮೇರ್ ತುಟಿ, ಖ್ಮೇರ್ ಹುಬ್ಬು.

ತಾ ಪ್ರೋಮ್ ದೇಗುಲದ ಜೀರ್ಣೋದ್ಧಾರಕ್ಕೆ ಭಾರತದ ಪುರಾತತ್ವ ಇಲಾಖೆ 2004ರಿಂದ ಕೈಜೋಡಿಸಿದೆ. ಸಂತೋಷದ ವಿಷಯ. ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಲಿ. ಅದರ ಮೇಲೆ ನಮ್ಮ ಹೆಸರಿನ ಬೋರ್ಡು ಹಾಕುವುದು ಬೇಡ.