ತೋಟದಿಂದ ಪೇಟೆಯವರೆಗಿನ ಸರಪಣಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಣ ಹಳ್ಳಿಗಳಲ್ಲಿ ‘ಹಗೇವು’ ಎಂಬ ಮಾತನ್ನು ಕೇಳದ ಹಿರಿಯರು ವಿರಳ. ಗಟ್ಟಿ ನೆಲವನ್ನು ಆಳವಾಗಿ ತೋಡಿ, ಒಳಮೈಗೆ ಹುಲ್ಲಿನ ಹೊದಿಕೆ ಕೊಟ್ಟು, ಜೋಳವನ್ನು ತುಂಬಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿದ ನೆಲದ ಕಣಜವೇ ಹಗೇವು. ಒಳಗಿನ ಕಾಳೂ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ಕುಗ್ಗಿಸುತ್ತವೆ. ಇಂಗಾಲಾಮ್ಲ ವಾಯು ತುಂಬಿಕೊಳ್ಳುತ್ತದೆ. ಹುಳುಗಳು ಸಾಯುತ್ತವೆ, ಕಾಳು ಉಳಿಯುತ್ತದೆ. ಹಗೇವನ್ನು ತೆರೆದೊಡನೆ ಒಳಗಿಳಿಯಬಾರದೆಂಬ ಹಿರಿಯರ ಎಚ್ಚರಿಕೆಯ ಹಿಂದೆ ಇರುವುದೂ ಇದೇ ರಸಾಯನಶಾಸ್ತ್ರ.

ಜೋಳಕ್ಕೆ ಕಾಯುವ ಶಕ್ತಿಯುಂಟು. ಆದುದರಿಂದಲೇ ಅದನ್ನು ಬೆಳೆದವನೂ ಒಳ್ಳೆಯ ಬೆಲೆಗಾಗಿ ಕಾಯಬಹುದಾಗಿತ್ತು. ಇಂದು ಇದೇ ಸೀಮೆಯಲ್ಲಿ, ವಿಶೇಷವಾಗಿ ಇಂಡಿ ಸಿಂದಗಿಗಳ ಕಡೆಯಲ್ಲಿ, ಲಿಂಬೆಯ ತೋಟಗಳು ಹಬ್ಬಿವೆ. ಲಿಂಬೆಯನ್ನು ಹಗೇವಿನಲ್ಲಿ ತುಂಬಲಾಗದು. ಗಿಡದಿಂದ ಬೇರ್ಪಟ್ಟ ಮೇಲೂ ಹಣ್ಣು ಉಸಿರಾಡುತ್ತಲೇ ಇರುತ್ತದೆ. ತೆಳುವಾದ ಸಿಪ್ಪೆಯಿಂದ ನೀರು ಆವಿಯಾಗಿ ಹೋಗುತ್ತದೆ; ಹಸಿರು ಹಳದಿಯಾಗುತ್ತದೆ, ಸಿಪ್ಪೆ ಒಣಗುತ್ತದೆ. ಬಿಸಿಲು ಏರಿದಷ್ಟೂ ಈ ಕಾರ್ಯ ಚುರುಕಾಗುತ್ತದೆ. ಕಾಯುವ ಬೆಳೆಯಿಂದ ಕಾಯದ ಬೆಳೆಗೆ ಬಂದವರು ತಮ್ಮ ವ್ಯವಹಾರದ ರೀತಿಯನ್ನೂ ಬದಲಿಸಬೇಕಾಗುತ್ತದೆ. ಆ ಬದಲಾವಣೆ ಇನ್ನೂ ಸಾಲದಷ್ಟಾಗಿದೆ ಎಂಬುದೇ ನಮ್ಮ ಅಭಿಪ್ರಾಯ.

ತೋಟ, ಕೊಯ್ಲು, ವಿಂಗಡಣೆ, ಚೀಲ, ವಾಹನ, ಲಿಲಾವು, ಅಂಗಡಿ, ಕೊನೆಗೆ ಅಡಿಗೆಮನೆ: ಇವೆಲ್ಲವೂ ಒಂದೇ ಸರಪಣಿಯ ಕೊಂಡಿಗಳು. ಇದನ್ನು ಪೂರೈಕೆಯ ಸರಪಣಿ ಎನ್ನುತ್ತಾರೆ. ಒಂದು ಲೆಕ್ಕವನ್ನು ಮಾಡಿ ನೋಡೋಣ. ನಾಲ್ಕು ಹಂತಗಳಲ್ಲಿ ಪ್ರತಿಯೊಂದರಲ್ಲಿಯೂ ನೂರಕ್ಕೆ ಕೇವಲ 5ರಷ್ಟು ಹಾಳಾಗುವುದೆಂದು ಊಹಿಸೋಣ. ನೂರು ಹಣ್ಣುಗಳಲ್ಲಿ ಕೊನೆಗೆ ಉಳಿಯುವುವು ಸುಮಾರು 81 ಮಾತ್ರ. ಪ್ರತಿ ಹಂತದ ನಷ್ಟ ನೂರಕ್ಕೆ 2ಕ್ಕೆ ಇಳಿದರೆ ಸುಮಾರು 92 ಉಳಿಯುತ್ತವೆ. ಇಲ್ಲಿ ಯಾವ ಒಬ್ಬನೂ ದೊಡ್ಡ ತಪ್ಪು ಮಾಡಿಲ್ಲ. ಪ್ರತಿಯೊಬ್ಬನೂ ‘ನನ್ನಿಂದ ಹೋದುದು ನಾಲ್ಕಾರು ಹಣ್ಣು’ ಎನ್ನುತ್ತಾನೆ. ಆದರೆ ಕೊಳ್ಳುವವನು ಈ ನಷ್ಟವನ್ನು ಮೊದಲೇ ಎಣಿಸಿ ಬೆಲೆಯನ್ನು ಇಳಿಸುತ್ತಾನೆ. ಭಾರವು ಹಿಂದಕ್ಕೆ ಸರಿಯುತ್ತ ಸರಿಯುತ್ತ ತೋಟದವನ ಹೆಗಲಿಗೆ ಬಂದು ನಿಲ್ಲುತ್ತದೆ.

ಹಣ್ಣಿನಂತೆ ಸುದ್ದಿಯೂ ಈ ಸರಪಣಿಯಲ್ಲಿ ಸಾಗುತ್ತದೆ, ಮತ್ತು ಸಾಗುತ್ತ ಕೆಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಜೇ ಫಾರೆಸ್ಟರ್ ಅವರು 1961ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ವಿಷಯವನ್ನು ಗಣಿತದ ನೆರವಿನಿಂದ ತೋರಿಸಿಕೊಟ್ಟರು. ಅಂಗಡಿಯ ಮಾರಾಟದಲ್ಲಿ ಆದ ಸಣ್ಣ ಏರಿಳಿತವು ಸಗಟು ವ್ಯಾಪಾರಿಯನ್ನು ದಾಟಿ ಕಾರ್ಖಾನೆಯನ್ನು ತಲುಪುವ ಹೊತ್ತಿಗೆ ದೊಡ್ಡ ಅಲೆಯಾಗಿ ಬೆಳೆದಿರುತ್ತದೆ. ಸುದ್ದಿ ತಡವಾಗಿ ಬರುವುದು ಮತ್ತು ಪ್ರತಿಯೊಬ್ಬನೂ ಅಂಜಿಕೆಯಿಂದ ಸ್ವಲ್ಪ ಹೆಚ್ಚಾಗಿ ತರಿಸುವುದು ಅಥವಾ ಕಡಮೆ ಮಾಡುವುದು ಇದಕ್ಕೆ ಕಾರಣಗಳು. ಲಿಂಬೆಯ ಪೇಟೆಯಲ್ಲಿ ನಡೆಯುವುದೂ ಇದರ ನೆಂಟನೇ. ಇಂದು ಬೆಲೆ ಏರಿತೆಂದು ಕೇಳಿದವರೆಲ್ಲರೂ ನಾಳೆ ಒಟ್ಟಿಗೆ ಕೊಯ್ಯುತ್ತಾರೆ. ನಾಡಿದ್ದು ಲಿಲಾವಿನ ಕಟ್ಟೆ ತುಂಬಿ ಬೆಲೆ ಬೀಳುತ್ತದೆ.

ಹಾಗಾದರೆ ಶೀತಲಗೃಹಗಳನ್ನು ಕಟ್ಟಿಸಿದರೆ ಸಾಕಲ್ಲವೆ, ಎಂದು ಹಲವರು ಕೇಳುತ್ತಾರೆ. ಕಟ್ಟಡ ಬೇಕು, ನಿಜ. ಆದರೆ ಲಿಂಬೆ ಉಷ್ಣಸೀಮೆಯ ಹಣ್ಣು. ಸುಮಾರು 9ರಿಂದ 12 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವವುಳ್ಳ ಗಾಳಿಯಲ್ಲಿ, ಅದು ಕೆಲವು ವಾರ ಚೆನ್ನಾಗಿರುತ್ತದೆ. ಅದಕ್ಕಿಂತ ಬಹಳ ತಂಪಾದರೆ ಸಿಪ್ಪೆಯ ಮೇಲೆ ಕಲೆ ಗುಳಿಗಳು ಬಿದ್ದು ಕೆಡುತ್ತದೆ. ಪೆಟ್ಟು ತಿಂದ ಹಣ್ಣನ್ನು, ವಿಂಗಡಿಸದ ಹಣ್ಣನ್ನು ಒಳಗಿಟ್ಟರೆ ಕೊಳೆತವನ್ನೇ ಖರ್ಚು ಮಾಡಿ ಕಾಪಾಡಿದಂತೆ ಆಗುತ್ತದೆ. ಕಟ್ಟಡಕ್ಕೆ ಮೊದಲು ಶಿಸ್ತು ಬರಬೇಕು.

ದಲ್ಲಾಳಿಯನ್ನು ತೆಗೆದುಹಾಕಿದರೆ ಎಲ್ಲವೂ ಸರಿಹೋಗುವುದೆಂಬ ಮಾತೂ ಅಷ್ಟೇ ಅವಸರದ್ದು. ಅವನು ಮುಂಗಡ ಹಣ ಕೊಡುತ್ತಾನೆ, ದೂರದ ಪೇಟೆಯ ಪರಿಚಯ ಇಟ್ಟುಕೊಂಡಿರುತ್ತಾನೆ, ಹಾನಿಯ ಭಯವನ್ನು ಸ್ವಲ್ಪಮಟ್ಟಿಗೆ ಹೊರುತ್ತಾನೆ. ಈ ಮೂರು ಕೆಲಸಗಳನ್ನು ಮಾಡಲಾರದ ಸಂಘವು ಅವನ ಜಾಗದಲ್ಲಿ ಬಹುಕಾಲ ನಿಲ್ಲಲಾರದು.

ಸಹಕಾರ ನಮ್ಮ ನಾಡಿಗೆ ಹೊಸತಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. 1946ರಲ್ಲಿ ಗುಜರಾತಿನ ಆಣಂದದಲ್ಲಿ ಹಾಲಿನ ಸಹಕಾರಿ ಒಕ್ಕೂಟ ಪ್ರಾರಂಭವಾಯಿತು. ಹಾಲು ಲಿಂಬೆಗಿಂತಲೂ ಬೇಗ ಕೆಡುವ ಪದಾರ್ಥ. ಆದರೂ ಆ ಒಕ್ಕೂಟ ಗೆದ್ದಿತು. ದಿನಕ್ಕೆ ಎರಡು ಬಾರಿ ಗೊತ್ತಾದ ಹೊತ್ತಿಗೆ ಸಂಗ್ರಹಣೆ, ಎಲ್ಲರೆದುರಿಗೆ ಕೊಬ್ಬಿನ ಪರೀಕ್ಷೆ, ಗುಣಕ್ಕೆ ತಕ್ಕ ಬೆಲೆ, ತಡವಿಲ್ಲದ ಪಾವತಿ: ಗೆಲುವಿನ ಗುಟ್ಟಿನ ಬಹುಪಾಲು ಈ ನಾಲ್ಕರಲ್ಲಿದೆ. ನಂಬಿಕೆಯೆಂಬುದು ಭಾಷಣದಿಂದ ಬೆಳೆಯುವುದಲ್ಲ, ಅಳತೆಯಿಂದ ಬೆಳೆಯುವುದು.

ಇದೇ ನಿಯಮ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತೊಗರಿಗೂ ಅನ್ವಯಿಸುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ಕಾಳಿನ ತೇವ ನೂರಕ್ಕೆ 12ನ್ನು ಮೀರಬಾರದು. ತೇವವನ್ನು ಕೇಂದ್ರದಲ್ಲಿ ಅಳೆಸಿಕೊಂಡು ಚೀಲಗಳನ್ನು ಹಿಂದಕ್ಕೆ ತರುವ ರೈತನಿಗೆ ಬಾಡಿಗೆಯೂ ದಿನವೂ ನಷ್ಟ. ಊರಿನಲ್ಲಿಯೇ ಅಳೆದು, ಒಣಗಿಸಿ, ಸರದಿ ಗೊತ್ತುಮಾಡಿಕೊಂಡು ಹೋಗುವ ಸಂಘಕ್ಕೆ ಈ ನಷ್ಟವಿಲ್ಲ. ಬೇಕಾದುದು ಕೈಯಲ್ಲಿ ಹಿಡಿಯುವ ಒಂದು ತೇವಮಾಪಕ ಮತ್ತು ಒಂದು ದಪ್ಪ ವಹಿ.

ಸಾಗಣೆಯ ಬೆಲೆಯನ್ನು ಈ ಸೀಮೆ ಬಹು ಕಷ್ಟದಿಂದ ಕಲಿತಿದೆ. 1876-78ರ ಮಹಾಕ್ಷಾಮದ ತರುವಾಯ 1884ರಲ್ಲಿ ಹೋಟಗಿಯಿಂದ ಗದಗಿನವರೆಗೆ ರೈಲು ಓಡಿತು. ಆ ದಾರಿಯಲ್ಲಿ ‘ಇಂಡಿ ರೋಡ್’ ಎಂಬ ನಿಲ್ದಾಣವಿದೆ. ಊರು ನಿಲ್ದಾಣದಿಂದ ದೂರವಿದೆ ಎಂಬುದನ್ನು ಆ ಹೆಸರೇ ಸಾರುತ್ತದೆ. ಸರಪಣಿಯಲ್ಲಿ ಹಲವು ವೇಳೆ ಸೋಲುವುದು ನೂರಾರು ಮೈಲಿಯ ಕಬ್ಬಿಣದ ಹಾದಿಯಲ್ಲ, ಹೊಲದಿಂದ ಹಾದಿಯವರೆಗಿನ ಆ ಕೆಲವು ಮೈಲಿ.

ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. 2025ರಲ್ಲಿ ಅದು ಹೊರದೇಶಗಳಿಗೂ ಹೋಗಿದೆ. ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿಯೇ ಇದೆ. ಹೆಸರು ಬಂದುದು ಸಂತೋಷವೇ ಸರಿ. ಆದರೆ ಹೆಸರೆಂಬುದು ಒಂದು ವಾಗ್ದಾನ. ಮೇಲೆ ಒಳ್ಳೆಯ ಹಣ್ಣು, ಕೆಳಗೆ ಕೊಳೆತದ್ದು ಇರುವ ಒಂದೇ ಪೆಟ್ಟಿಗೆಯು ನೂರು ತೋಟಗಳ ಹೆಸರನ್ನು ಕೆಡಿಸಬಲ್ಲದು.

ಈ ಊರುಗಳ ವಿದ್ಯಾರ್ಥಿಗಳಿಗೆ ನಮ್ಮದೊಂದು ಸಲಹೆಯಿದೆ. ರಜೆಯಲ್ಲಿ ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ವಹಿ ಹಿಡಿದು ನಿಮ್ಮ ತೋಟದ ಒಂದು ಚೀಲವನ್ನು ಹಿಂಬಾಲಿಸಿರಿ. ಕೊಯ್ದ ಗಂಟೆ, ನೆರಳಿನಲ್ಲಿಟ್ಟ ಹಣ್ಣಿನ ತೂಕ, ಬಿಸಿಲಿನಲ್ಲಿಟ್ಟುದರ ತೂಕ, ಪೇಟೆ ಸೇರಿದ ಹೊತ್ತು, ಎಸೆದ ಹಣ್ಣುಗಳ ಎಣಿಕೆ ಇವನ್ನು ಬರೆದಿಡಿರಿ. ಹತ್ತು ಊರುಗಳ ಇಂಥ ಹತ್ತು ವಹಿಗಳು ಸೇರಿದರೆ ಯಾವ ಕೊಂಡಿ ಸಡಿಲವೆಂಬುದು ತಾನಾಗಿಯೇ ತಿಳಿಯುತ್ತದೆ. ಬೇಸಾಯ ಗಿಟ್ಟದೆಂದು ಊರು ಬಿಡುವ ಮೊದಲು, ಅದು ಎಲ್ಲಿ ಗಿಟ್ಟದೆ ಹೋಗುತ್ತಿದೆ ಎಂಬುದನ್ನು ಅಳೆದು ನೋಡುವುದು ಯೋಗ್ಯವಲ್ಲವೆ? ಹಗೇವನ್ನು ತೋಡಿದವರು ತಮ್ಮ ಕಾಲದ ಬೆಳೆಗೆ ತಕ್ಕ ವಿಜ್ಞಾನವನ್ನು ಕಂಡುಕೊಂಡಿದ್ದರು. ನಮ್ಮ ಕಾಲದ ಬೆಳೆಗೆ ತಕ್ಕುದನ್ನು ಕಂಡುಕೊಳ್ಳುವ ಸರದಿ ಈಗ ನಮ್ಮದು.